ವಿಮೆ ಇಲ್ಲದ ಗಾಡಿ ಹಿಡಿಯುವ ಖರ್ಚು ದಂಡದಲ್ಲಿ ವಾಪಸ್ ಬರುತ್ತದೆಯೇ?

ದಂಡದ ಲೆಕ್ಕ ಮಾತ್ರ ನೋಡಿದರೆ ಸಾಲದು. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000. ಕಾಸರಗೋಡಿನ ಕಡೆ, ತಲಪಾಡಿಯಲ್ಲೋ ಹೊಸಂಗಡಿಯಲ್ಲೋ ಗಾಡಿ ತಡೆಯುವವರ ಸಂಬಳ, ಜೀಪಿನ ಡೀಸೆಲ್ ಸರ್ಕಾರದ್ದೇ. ಆದರೆ ಅವರು ಹೆಲ್ಮೆಟ್, ಲೈಸೆನ್ಸ್ ಕೂಡ ನೋಡುತ್ತಾರೆ ಅಲ್ವಾ? ವಿಮೆಗೆಂದೇ ಆಗುವ ಖರ್ಚು ಜಾಸ್ತಿ ಇಲ್ಲ. ಗಾಡಿ ನಂಬರ್ ಹಾಕಿದರೆ ವಿಮೆಯ ಅವಧಿ ಫೋನಿನಲ್ಲೇ ಕಾಣುತ್ತದೆ.

ದೊಡ್ಡ ಖರ್ಚು ಶುರುವಾಗುವುದು ಅಪಘಾತ ಆದ ಮೇಲೆ. ಬದಿಯಡ್ಕದ ಕಡೆ ಅಡಿಕೆ ಕೊಯ್ಯುವವರೊಬ್ಬರಿಗೆ ವಿಮೆ ಇಲ್ಲದ ಸ್ಕೂಟರ್ ಬಡಿದು ಕಾಲು ಮುರಿಯಿತು ಅಂತಿಟ್ಟುಕೊಳ್ಳಿ. ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ. ಅಪಘಾತ ಪರಿಹಾರದ ಕೇಸು ನೋಡುವ ಟ್ರಿಬ್ಯೂನಲ್ ಪರಿಹಾರ ಕೊಡಿ ಅನ್ನುತ್ತದೆ, ಗಾಡಿಯವರ ಹತ್ತಿರ ದುಡ್ಡಿಲ್ಲ. ಆಗ ವಸೂಲಿ ಕೆಲಸ ಕಲೆಕ್ಟರ್ ಕಚೇರಿಗೆ ಬರುತ್ತದೆ, ಭೂಕಂದಾಯದ ಬಾಕಿಯ ಹಾಗೆ. ವಿಲ್ಲೇಜ್ ಆಫೀಸಿನವರು ನೋಟಿಸ್ ಹಿಡಿದು ಮನೆ ಹುಡುಕಬೇಕು, ಜಪ್ತಿ ಮಾಡಲು ಏನಿದೆ ಎಂದು ನೋಡಬೇಕು. ಅಷ್ಟರಲ್ಲಿ ಕಾಲು ಮುರಿದವರ ಮನೆಯಲ್ಲಿ ಸಾಲ ಏರಿರುತ್ತದೆ. ಈ ಖರ್ಚನ್ನು ಯಾರೂ ಜಾರಿಯ ಲೆಕ್ಕಕ್ಕೆ ಸೇರಿಸುವುದಿಲ್ಲ, ಸೇರಿಸಲೇಬೇಕು.

2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ 5 ವರ್ಷ, ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ) ಒಟ್ಟಿಗೇ ಕೊಳ್ಳಬೇಕು. ನನ್ನ ಪ್ರಕಾರ ಅತಿ ಅಗ್ಗದ ಜಾರಿ ಇದೇ. ತಪಾಸಣೆಯ ದುಡ್ಡು ಹಳೇ ಗಾಡಿಗಳ ಮೇಲೆ ಹೋಗಲಿ.