ಸ್ವರ ಗೊತ್ತಿಲ್ಲದವರು ಹಾಡು ಕೇಳಿ ಏನು ಹೇಳಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಹತ್ತು ವರ್ಷದ ಹಿಂದೆ ನನ್ನದೂ ಇದೇ ಗೋಳು. ಸಂಗೀತ ಕಲಿತಿಲ್ಲ, ಹಳೇ ಶಾಸ್ತ್ರೀಯ ಸಂಗೀತದ ರೆಕಾರ್ಡಿಂಗ್ ಅಂದರೆ ಇಷ್ಟ, ಆದರೆ ಬೇರೆ ಕೇಳುಗರ ಜೊತೆ ಮಾತಾಡಲು ಹೋದರೆ ‘ತುಂಬಾ ಚೆನ್ನಾಗಿದೆ’ ಬಿಟ್ಟು ಏನೂ ಬಾಯಿಗೆ ಬರುವುದಿಲ್ಲ. ತಪ್ಪು ಹೇಳಿದರೆ ನಗುತ್ತಾರೇನೋ ಅಂತ ಭಯ ಬೇರೆ. ಇಷ್ಟೇ ಅಲ್ವಾ ನೀವು ಕೇಳಿದ್ದು?

ನಾನು ಈಗಲೂ ಕಲಿತವನಲ್ಲ. ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಕಾಫಿ ತೋಟ ಇದೆ, ಅದೇ ಕೆಲಸ. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರುತ್ತೇವೆ. ಒಬ್ಬರು ರಿಟೈರ್ ಆದ ಮೇಷ್ಟ್ರು, ಅವರಿಗೆ ಕರ್ನಾಟಕ ಸಂಗೀತದ ಹುಚ್ಚು. ಇನ್ನೊಬ್ಬರು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ಅಕ್ಕ, ಅವರಿಗೆ ಹಿಂದೂಸ್ತಾನಿ ಬಿಟ್ಟರೆ ಬೇರೆಯದು ಸಂಗೀತವೇ ಅಲ್ಲ. ಮೂರನೆಯವರು ಪಕ್ಕದ ತೋಟದ ಕೊಡವ ಅಜ್ಜ. ಒಂದು ಪೆನ್ ಡ್ರೈವ್, ಒಂದು ಬ್ಯಾಟರಿ ಸ್ಪೀಕರ್, ಬೆಲ್ಲದ ಕಾಫಿ. ಅಷ್ಟೇ ನಮ್ಮ ಸಭೆ.

ಹಾಡಿನ ಬಗ್ಗೆ ಮಾತಾಡೋದು ಹೇಗೆ ಅಂತ ನನಗೆ ಗೊತ್ತಾಗಿದ್ದು ಆ ಅಜ್ಜನಿಂದ. ಅವರಿಗೆ ರಾಗದ ಹೆಸರು ಒಂದೂ ಬರುವುದಿಲ್ಲ. ಆದರೆ ಪುತ್ತರಿ ಸುಗ್ಗಿ ಹಬ್ಬಕ್ಕೆ, ಮದುವೆಗೆ ದುಡಿ ಬಾರಿಸಿ ಹಾಡಿಕೊಂಡು ಬೆಳೆದವರು. ಒಂದು ದಿನ ಭೀಮಸೇನ ಜೋಶಿಯವರ ದೊಡ್ಡ ಖ್ಯಾಲ್ ಹಾಕಿದ್ದೆ, ಅಂದರೆ ನಿಧಾನವಾಗಿ ಬೆಳೆಸುವ ಹಿಂದೂಸ್ತಾನಿ ಹಾಡು. ತಾಳ ವಿಲಂಬಿತ ಏಕತಾಲ, ತುಂಬಾ ನಿಧಾನದ್ದು. ಅದರಲ್ಲಿ 12 ಮಾತ್ರೆ, ಅಂದರೆ 12 ಎಣಿಕೆ, ಒಂದು ಸುತ್ತು ಬರಲು ಮುಕ್ಕಾಲು ನಿಮಿಷ, ಕೆಲವೊಮ್ಮೆ ಪೂರ್ತಿ ಒಂದು ನಿಮಿಷ ಹಿಡಿಯುತ್ತದೆ. ನಾವೆಲ್ಲ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದೆವು. ಅಜ್ಜ ಮಾತ್ರ ಕಣ್ಣು ಬಿಟ್ಟುಕೊಂಡು, ಮೊಣಕಾಲ ಮೇಲೆ ಬೆರಳಲ್ಲಿ ಏನೋ ಲೆಕ್ಕ ಹಾಕುತ್ತಿದ್ದರು. ನಾಲ್ಕನೇ ಸುತ್ತಿನ ಹೊತ್ತಿಗೆ ‘ಸ್ವಲ್ಪ ಹಿಂದೆ ಹಾಕು ಮಗಾ’ ಅಂದರು. ಹಾಕಿದೆ. ‘ನೋಡು, ಹಾಡೋನು ಎಲ್ಲೆಲ್ಲೋ ತಿರುಗಾಡಿಕೊಂಡು ಮನೆಗೆ ಬರ್ತಾನೆ. ಅವನು ಬರೋದು ತಬಲಾದವನಿಗೆ ಮೊದಲೇ ಗೊತ್ತು. ಎರಡು ಪೆಟ್ಟು ಮುಂಚೆನೇ ಬಾಗಿಲು ತೆಗೆದಿಡ್ತಾನೆ.’

ಸಂಗೀತ ಕಲಿತವರು ಸಮ್, ಮುಖಡಾ ಅಂತೆಲ್ಲ ಹೇಳುತ್ತಾರಲ್ಲ, ಅದೇ ಇದು. ಸಮ್ ಅಂದರೆ ಸುತ್ತಿನ ಮೊದಲನೇ ಮಾತ್ರೆ, ಮುಖಡಾ ಅಂದರೆ ಹಾಡನ್ನು ಅಲ್ಲಿಗೆ ಕರೆತರುವ ಸಾಲು. ನಾನು ಆ ಪದಗಳನ್ನು ಎಲ್ಲೋ ಓದಿದ್ದೆ, ಆದರೆ ಕಿವಿಯಲ್ಲಿ ಹಿಡಿದಿರಲಿಲ್ಲ. ಅವತ್ತಿನಿಂದ ಯಾವ ಖ್ಯಾಲ್ ಹಾಕಿದರೂ ನನ್ನ ಕಿವಿ ಆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತದೆ. ಅಕ್ಕ ಹೇಳುತ್ತಿದ್ದ ‘ಏನ್ ಗಾಯನರೀ!’ ಅನ್ನೋ ಮಾತಿಗೆ ನಾವು ‘ಹೌದು’ ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಜ್ಜನ ಮಾತಿಗೆ ಅರ್ಧ ಗಂಟೆ ಚರ್ಚೆ ಆಯಿತು.

ಹಾಗಾಗಿ ನೀವು ಹೇಳುವಾಗ ಮೊದಲು ‘ಎಲ್ಲಿ’ ಅಂತ ಹೇಳಿ. ‘ಎಂಟನೇ ನಿಮಿಷದ ಹತ್ತಿರ ದನಿ ಸಣ್ಣಗಾಗಿ ತಂಬೂರಿ ಒಂದೇ ಕೇಳುತ್ತದೆ, ಅಲ್ಲಿ ನನಗೆ ಯಾಕೋ ಎದೆ ಹಿಡಿದ ಹಾಗಾಯಿತು’ ಅಂದರೆ ಸಾಕು. ಕೇಳಿದವರು ಆ ಜಾಗಕ್ಕೆ ಹೋಗಿ ನೋಡುತ್ತಾರೆ. ಒಪ್ಪುತ್ತಾರೋ ಬಿಡುತ್ತಾರೋ, ಮಾತಿಗೊಂದು ದಾರಿ ಆಯಿತು. ನಾನು ತೋಟದ ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳುತ್ತೇನೆ. ಹೆಂಡತಿ ಒಮ್ಮೆ ಅದನ್ನು ಯಾರದೋ ಬಾಕಿ ದುಡ್ಡು ಅಂದುಕೊಂಡಿದ್ದಳು.

ಎರಡನೆಯದು, ನೀವು ಕೇಳುತ್ತಿರೋದು ಹಾಡುಗಾರರನ್ನೋ ಯಂತ್ರವನ್ನೋ ಅಂತ ಸ್ವಲ್ಪ ತಿಳಿದುಕೊಳ್ಳಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಹಿಂದಿನ ಕಾಲದ ಹೆಸರಾಂತ ಗಾಯಕಿ ಗೌಹರ್ ಜಾನ್ ಅವರ ಹಳೇ ಗ್ರಾಮಫೋನ್ ಪ್ಲೇಟು ಕೇಳಿ ‘ಇದೇನು, ಕಿರುಚಿದ ಹಾಗಿದೆ’ ಅಂದುಬಿಟ್ಟಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತಾದಲ್ಲಿ ಮೊದಲ ಸಲ ರೆಕಾರ್ಡಿಂಗಿಗೆ ಹಾಡಿದಾಗ ಮೈಕ್ ಇರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಗೆ ಮುಖ ಕೊಟ್ಟು, ಗಂಟಲು ಬಿಟ್ಟು ಹಾಡಬೇಕಿತ್ತು. ಅದೂ ಮೂರು ಮೂರೂವರೆ ನಿಮಿಷದಲ್ಲಿ ಎಲ್ಲ ಮುಗಿಸಬೇಕು. ಮೈಕ್ ಇಟ್ಟು ಎಲೆಕ್ಟ್ರಿಕ್ ರೆಕಾರ್ಡಿಂಗ್ ಶುರುವಾಗಿದ್ದೇ 1925ರಲ್ಲಿ. ಹಾಡಿನ ಕೊನೆಗೆ ಅವರು ‘ಮೈ ನೇಮ್ ಈಸ್ ಗೌಹರ್ ಜಾನ್’ ಅಂತ ಕೂಗಿ ಹೇಳುವುದು ಜಂಬಕ್ಕಲ್ಲ. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಇದು ಯಾರ ಹಾಡು ಅಂತ ಗೊತ್ತಾಗಲಿ ಅಂತ. ಅಂಥ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಗಾಯಕಿಯಾಗಿ, 1930ರಲ್ಲಿ ಮೈಸೂರಲ್ಲೇ ತೀರಿಕೊಂಡರು. ನಮ್ಮ ಮನೆಯಿಂದ ಬಸ್ಸಲ್ಲಿ ಮೂರು ನಾಲ್ಕು ಗಂಟೆ ದಾರಿ. ಇಷ್ಟು ಗೊತ್ತಾದ ಮೇಲೆ ಅದೇ ಪ್ಲೇಟು ಕೇಳಿದರೆ ಬೇರೆಯದೇ ಕೇಳಿಸುತ್ತದೆ. ಅಷ್ಟು ಅವಸರದಲ್ಲೂ ತಾನಿನ, ಅಂದರೆ ವೇಗದ ಸ್ವರಗಳ ಸರದ, ಒಂದು ಕಾಳೂ ಒಡೆದಿಲ್ಲ.

ಇನ್ನೊಂದು ಕಿಲಾಡಿ ವಿಷಯ ಸ್ಪೀಡು. ಹಳೇ ಪ್ಲೇಟುಗಳನ್ನೆಲ್ಲ ಬಾಯಿಮಾತಿಗೆ 78 (ನಿಮಿಷಕ್ಕೆ 78 ಸುತ್ತು) ಅನ್ನುತ್ತೇವೆ, ಆದರೆ ಆ ಕಾಲದಲ್ಲಿ ಎಲ್ಲವನ್ನೂ ಅದೇ ವೇಗದಲ್ಲಿ ರೆಕಾರ್ಡ್ ಮಾಡಿರಲಿಲ್ಲ. ಈಗ ಕಂಪ್ಯೂಟರಿಗೆ ಏರಿಸುವವರು ನಿಮಿಷಕ್ಕೆ ನಾಲ್ಕೈದು ಸುತ್ತು ಜಾಸ್ತಿ ತಿರುಗಿಸಿದರೂ ಶ್ರುತಿ ಅರ್ಧ ಸ್ವರ ಮೇಲೆ ಹೋಗಿಬಿಡುತ್ತದೆ. ಹಾಗಾಗಿ ‘ಇವರ ದನಿ ಯಾಕಿಷ್ಟು ಕೀರಲು’ ಅನ್ನೋ ಮೊದಲು ಅದೇ ಹಾಡನ್ನು ಬೇರೆ ಎಲ್ಲಾದರೂ ಒಂದು ಸಲ ಕೇಳಿ.

ಆದರೆ ಎಲ್ಲದಕ್ಕೂ ಯಂತ್ರವನ್ನು ಬೈಯೋ ಹಾಗಿಲ್ಲ. ಅಕ್ಕ ಒಂದು ಸಲ ಹೆಸರು ಹೇಳದೆ ಎರಡು ರೆಕಾರ್ಡಿಂಗ್ ಹಾಕಿದರು. ಒಂದು ಎಳೇ ಹೆಣ್ಣು ದನಿ, ಜೇನಿನ ಹಾಗೆ. ಇನ್ನೊಂದು ಗಡಸು ದನಿ, ಗಂಡಸೋ ಹೆಂಗಸೋ ಹೇಳಲಾಗದು. ಇಬ್ಬರೂ ಯಾರು ಅಂತ ಕೇಳಿದರು. ನಾವು ಮೂರು ಜನವೂ ಫೇಲು. ಎರಡೂ ಗಂಗೂಬಾಯಿ ಹಾನಗಲ್! ಮೊದಲನೆಯದು ಗಾಂಧಾರಿ ಅನ್ನೋ ಹೆಸರಲ್ಲಿ ಬರುತ್ತಿದ್ದ ಕಾಲದ್ದು, ಎರಡನೆಯದು ಗಂಟಲಿನ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಗಿ ದನಿ ಬದಲಾದ ಮೇಲಿನದು. ನನಗೆ ಎರಡನೆಯದೇ ಹೆಚ್ಚು ಇಷ್ಟವಾಯಿತು. ಮೊದಲನೆಯ ದನಿ ಚೆಂದ ಇದೆ, ಎರಡನೆಯ ದನಿಗೆ ಎದುರು ಕೂತು ಉತ್ತರ ಕೊಡಬೇಕು ಅನ್ನಿಸುತ್ತದೆ. ಅಜ್ಜನಿಗೆ ಮೊದಲನೆಯದೇ. ಅವರ ತಂಗಿಯ ದನಿ ಹಾಗೇ ಇತ್ತಂತೆ. ಇದನ್ನೂ ಹೇಳಬಹುದು, ನೋಡಿ. ಸಂಗೀತದ ಲೆಕ್ಕಕ್ಕೆ ಬರೋದಿಲ್ಲ, ಆದರೆ ಅಂಥ ಮಾತು ಹೇಳಿದರೆ ಯಾರೂ ವಾದಕ್ಕೆ ಬರೋದಿಲ್ಲ.

ಇಷ್ಟವಾಗದಿದ್ದರೆ ಹೇಳಬೇಕಾ? ಹೇಳಿ. ಕರ್ನಾಟಕ ಸಂಗೀತದ ಗಾಯಕ ಎಂ.ಡಿ. ರಾಮನಾಥನ್ ಅಂದರೆ ಮೇಷ್ಟ್ರಿಗೆ ಪ್ರಾಣ. ಹಿಂದೋಳ ರಾಗದ ‘ಸಾಮಜವರಗಮನ’ವನ್ನು ಉಳಿದವರು ಚುರುಕಾಗಿ ಹಾಡಿದ್ದು ಕೇಳಿ ಅಭ್ಯಾಸವಾದ ನನಗೆ ರಾಮನಾಥನ್ ಅವರದು ಏರಿನಲ್ಲಿ ಲೋಡ್ ಲಾರಿ ಹತ್ತಿದ ಹಾಗೆ. ಹಾಗೇ ಅಂದೆ. ಮೇಷ್ಟ್ರು ಸಿಟ್ಟಾಗಲಿಲ್ಲ. ‘ಪದದಿಂದ ಪದಕ್ಕೆ ಹೋಗುವಾಗ ನಡುವೆ ಏನು ಮಾಡ್ತಾರೆ, ಅದನ್ನ ಮಾತ್ರ ಕೇಳಿ’ ಅಂದರು. ಕೇಳಿದೆ. ನಡುವೆ ಆ ತಗ್ಗು ದನಿ ಸುಮ್ನೆ ನಿಂತಿರುತ್ತದೆ, ಒಂಚೂರೂ ಅಲುಗಾಡದೆ. ಅದು ಈಗ ಇಷ್ಟ. ಹಾಡು ಪೂರ್ತಿ ಇವತ್ತಿಗೂ ನನಗೆ ಉದ್ದ.

ಮಳೆ ಬಗ್ಗೆ ಒಂದು ಮಾತು ಹೇಳದಿದ್ದರೆ ನಾನು ಕೊಡಗಿನವನೇ ಅಲ್ಲ. ಊರ ಹೊರಗಿನ ಗೆಳೆಯರು ‘ನಿಮ್ಮ ಕಡೆ ಮಳೆಯಲ್ಲಿ ಮಳೆಗಾಲದ ರಾಗ ಮಿಯಾಂ ಕಿ ಮಲ್ಹಾರ್ ಕೇಳಿದರೆ ಸ್ವರ್ಗ ಇರಬೇಕು’ ಅನ್ನುತ್ತಾರೆ. ಜುಲೈ ಮಳೆ ತಗಡಿನ ಶೀಟಿನ ಮೇಲೆ ಬೀಳುವಾಗ ಎದುರಿಗೆ ಕೂತವರ ಮಾತೇ ಕೇಳೋದಿಲ್ಲ, ಇನ್ನು ಆಲಾಪ ಎಲ್ಲಿಂದ ಕೇಳಬೇಕು? ನಮ್ಮ ಮನೆಯಲ್ಲಿ ಮಲ್ಹಾರ್ ಕೇಳೋದು ಕಾಫಿ ಕೊಯ್ಲು ಮುಗಿದ ಮೇಲೆ, ಫೆಬ್ರವರಿಯಲ್ಲಿ. ಹೆಡ್‌ಫೋನ್ ಹಾಕಿಕೊಳ್ಳಿ ಅಂತ ಯಾರೋ ಹೇಳಿದರು. ಒಬ್ಬೊಬ್ಬರೂ ಒಂದೊಂದು ಹೆಡ್‌ಫೋನ್ ಹಾಕಿಕೊಂಡರೆ ನಾಲ್ಕು ಜನ ಸೇರೋದು ಯಾತಕ್ಕೆ?

ನೀವು ಹೊಸದಾಗಿ ಶುರು ಮಾಡೋದಾದರೆ ಒಂದು ಗಂಟೆಯ ಕಛೇರಿ ಬೇಡ. ಮೂರು ನಿಮಿಷದ ಹಳೇ ಪ್ಲೇಟು ತಗೊಳ್ಳಿ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿ (ಖ್ಯಾಲಿಗಿಂತ ಹಗುರಾದ ಹಾಡು) ಒಳ್ಳೆಯದು. ಹುಡುಗ ಭೀಮಸೇನ ಆ ದನಿಗೆ ಮರುಳಾಗಿ ಗದಗಿನಿಂದ ಮನೆ ಬಿಟ್ಟು ಓಡಿದ ಕಥೆ ನೀವೂ ಕೇಳಿರಬಹುದು. ಮೂರು ಸಲ ಹಾಕಿ. ಒಂದು ಸಲ ದನಿಗೆ, ಒಂದು ಸಲ ತಬಲಾಗೆ, ಒಂದು ಸಲ ಸುಮ್ನೆ. ಆಮೇಲೆ ಪಕ್ಕದವರನ್ನು ಕೇಳಿ, ಅವರಿಗೆ ಎಲ್ಲಿ ಏನಾಯಿತು ಅಂತ.

ಇನ್ನು ನಗುತ್ತಾರಾ ಅನ್ನೋ ಭಯ. ನಗುತ್ತಾರೆ. ಮೇಷ್ಟ್ರ ಜೊತೆ ಎರಡು ವರ್ಷ ಕೂತು ನನಗೂ ನಾಲ್ಕು ರಾಗ ಗುರುತು ಸಿಗೋಕೆ ಶುರುವಾಗಿತ್ತು, ಸ್ವಲ್ಪ ಜಂಬ ತಲೆಗೇರಿತ್ತು. ಅಕ್ಕ ಒಂದು ದಿನ ತೋಡಿ ರಾಗ ಅಂತ ಹಾಕಿದರು. ‘ಇದು ತೋಡಿ ಅಲ್ಲವೇ ಅಲ್ಲ, ಯಾರೋ ತಪ್ಪು ಹೆಸರು ಹಾಕಿದ್ದಾರೆ’ ಅಂದೆ. ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕಾಫಿ ಆರಿಹೋಯಿತು. ಕೊನೆಗೆ ಮೇಷ್ಟ್ರು ಬಿಡಿಸಿ ಹೇಳಿದರು: ಹಿಂದೂಸ್ತಾನಿಯವರ ತೋಡಿ ನಮ್ಮ ಶುಭಪಂತುವರಾಳಿಗೆ ಹತ್ತಿರ, ನಮ್ಮ ತೋಡಿಯ ಸ್ವರಗಳು ಅವರ ಭೈರವಿಯಲ್ಲಿ ಸಿಗುತ್ತವೆ. ಹೆಸರು ಒಂದೇ, ಮನೆ ಬೇರೆ. ಅಜ್ಜ ನಗುತ್ತಾ ಕೆಮ್ಮಿ ಕೆಮ್ಮಿ ಸುಸ್ತಾದರು.

ಈಗ ನಾನು ಯಾವ ಹಾಡು ಹಾಕಲು ಹೋದರೂ ಅಕ್ಕ ಮೊದಲು ಕೇಳೋದು ಒಂದೇ: ‘ತಡೀರಿ, ಇದು ನಿಮ್ಮ ತೋಡಿನೋ ನಮ್ಮ ತೋಡಿನೋ?’