ನಿಜವಾದ ಹೊಡೆದಾಟಕ್ಕೆ ಕರಾಟೆಯೋ, ಬಾಕ್ಸಿಂಗೋ?

ಒಂದು ವರ್ಷ ಸಮಯ ಇದೆ, ನಿಜವಾದ ಹೊಡೆದಾಟದಲ್ಲಿ ಕೈಹಿಡಿಯೋದು ಕರಾಟೆನಾ ಬಾಕ್ಸಿಂಗಾ ಎಂದು ಕೇಳಿದ್ದೀರಿ. ನಾನು ಎರಡನ್ನೂ ಕಲಿತಿದ್ದೇನೆ. ಒಂದೇ ವರ್ಷ ಅಂದರೆ ಬಾಕ್ಸಿಂಗ್‌ಗೆ ಸೇರಿ.

ಕಾರಣ ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ನಿಂತು ಮಾಡುವ ಅಭ್ಯಾಸದ ಹೊಡೆದಾಟ. ಎದುರಿಗಿರುವವನು ನಿಜವಾಗಿಯೂ ನಿಮ್ಮ ಮುಖಕ್ಕೆ ಗುದ್ದುತ್ತಾನೆ. ಮೊದಮೊದಲು ಎಲ್ಲರೂ ಕಣ್ಣು ಮುಚ್ಚುತ್ತಾರೆ, ಮುಖ ತಿರುಗಿಸುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಹಾಗೆ ಉಸಿರು ಹಿಡಿದವನಿಗೆ ಸ್ವಲ್ಪ ಹೊತ್ತಿಗೇ ಕೈ ಭಾರವಾಗಿ ಗಾರ್ಡ್ (ಮುಖದ ರಕ್ಷಣೆಗೆ ಎತ್ತಿಹಿಡಿದ ಕೈ) ಕೆಳಗಿಳಿಯುತ್ತದೆ. ಕೆಲವು ತಿಂಗಳು ಏಟು ತಿಂದ ಮೇಲೆ ಕಣ್ಣು ತೆರೆದೇ ಇರುತ್ತದೆ. ಗಲ್ಲ ತಾನಾಗಿ ಎದೆ ಕಡೆ ಇಳಿಯುತ್ತದೆ. ಜಾಬ್ (ಮುಂದಿನ ಕೈಯ ನೇರ ಗುದ್ದು) ಬರುವ ಮೊದಲೇ ಎದುರಾಳಿಯ ಭುಜ ಅಲುಗಿದ್ದು ಕಾಣುತ್ತದೆ. ಸುಮ್ನೆ ಗಾಳಿಗೆ ಗುದ್ದುತ್ತಾ ಇದನ್ನು ಕಲಿಯೋಕೆ ಆಗಲ್ಲ.

ಬಹಳಷ್ಟು ಕರಾಟೆ ತರಗತಿಗಳಲ್ಲಿ ಕತಾ (ಎದುರಾಳಿ ಇಲ್ಲದೆ ಮಾಡುವ ನಿಗದಿತ ಚಲನೆಗಳ ಸರಣಿ) ಮತ್ತು ಬೆಲ್ಟ್ ಪರೀಕ್ಷೆಗೇ ಜಾಸ್ತಿ ಸಮಯ ಹೋಗುತ್ತದೆ. ಪಾಯಿಂಟ್ ಪಂದ್ಯದಲ್ಲಿ ಅಂಕ ಬಂದ ಕೂಡಲೇ ರೆಫರಿ ನಿಲ್ಲಿಸುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೀದಿ ಒದ್ದ ಏಟಿಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದರು. ಏಟು ಜೋರಾಯಿತೆಂದು ಒದ್ದವರು ಅನರ್ಹರಾದರು, ಚಿನ್ನ ಬಿದ್ದವರಿಗೆ ಹೋಯಿತು. ಕ್ರೀಡೆಯ ನಿಯಮವಾಗಿ ಅದು ಸರಿಯೇ. ಆದರೆ ಏಟನ್ನು ಅಳೆದು ತಡೆಯುವುದನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದ ದೇಹಕ್ಕೆ ಹೊಡೆದಾಟದಲ್ಲಿ ಬೇಕಾದ್ದು ಬೇರೆ, ಅಲ್ವಾ?

ಹಾಗಂತ ಕರಾಟೆಯನ್ನು ತಳ್ಳಿಹಾಕುವ ಮಾತೇ ಇಲ್ಲ. ದೂರ ಕಾಯ್ದುಕೊಂಡು ಒಮ್ಮೆಗೇ ನುಗ್ಗುವ ಶೋಟೋಕಾನ್ ಕರಾಟೆ ಶೈಲಿಯಲ್ಲೇ ಲಿಯೋಟೊ ಮಚಿಡಾ 2009ರಲ್ಲಿ ಮಿಶ್ರ ಸಮರಕಲೆಯ (ಎಂಎಂಎ) ಪಂದ್ಯಗಳನ್ನು ನಡೆಸುವ ಯುಎಫ್‌ಸಿಯ ಚಾಂಪಿಯನ್ ಆದರು. ಮಾಸುತಾತ್ಸು ಒಯಾಮಾ ಕಟ್ಟಿದ ಕ್ಯೋಕುಶಿನ್ ಕರಾಟೆಯಲ್ಲಂತೂ ಹೊಟ್ಟೆಗೆ, ತೊಡೆಗೆ ಪೂರ್ತಿ ಬಲದಿಂದಲೇ ಹೊಡೆಯುತ್ತಾರೆ. ಮುಂದಿನ ಕಾಲಿನ ಮೇಲೆ ಭಾರ ಹಾಕಿ ನಿಂತ ಬಾಕ್ಸರ್‌ಗೆ ತೊಡೆ ಮೇಲೆ ಬೀಳುವ ಒದೆತ ತಡೆಯೋದೇ ಗೊತ್ತಿರಲ್ಲ. ಎರಡು ಸರಿಯಾಗಿ ಬಿದ್ದರೆ ಅವನ ಕಾಲಾಟ ಮುಗಿದಂತೆ. ಆದರೆ ಕ್ಯೋಕುಶಿನ್ ಪಂದ್ಯದಲ್ಲಿ ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ. ಅದಕ್ಕೇ ಅಲ್ಲಿ ಕೈಗಳು ಎದೆಮಟ್ಟಕ್ಕೆ ಇಳಿದುಬಿಡುತ್ತವೆ. ಹೊರಗೆ ಮೊದಲ ಏಟು ಬರೋದು ಹೆಚ್ಚಾಗಿ ಮುಖಕ್ಕೇ.

ಬಾಕ್ಸಿಂಗ್ ಕಲಿತರೂ ಒಂದು ಎಚ್ಚರ ಇರಲಿ. ಕೈಗೆ ಸುತ್ತುವ ಪಟ್ಟಿ, ಗ್ಲೌಸ್ ಇಲ್ಲದ ಮುಷ್ಟಿಯಿಂದ ತಲೆಗೆ ಗುದ್ದಿದರೆ ಕಿರುಬೆರಳಿನ ಹಿಂದಿನ ಅಂಗೈ ಮೂಳೆ ಮುರಿಯಬಹುದು. ಅಂಗೈ ಬುಡದಿಂದ ಹೊಡೆಯುವ ಕರಾಟೆ ಏಟನ್ನೂ ಕಲಿತಿಟ್ಟುಕೊಳ್ಳಿ.

ಫೀಸ್ ಕಟ್ಟುವ ಮೊದಲು ಒಂದು ದಿನ ಹೋಗಿ ಸ್ಪಾರಿಂಗ್ ನೋಡಿ. ಅಲ್ಲಿನ ಬಾಕ್ಸಿಂಗ್ ಕೋಚ್ ಬರೀ ಬ್ಯಾಗ್ ಹೊಡೆಸುತ್ತಿದ್ದು, ಪಕ್ಕದ ಕ್ಯೋಕುಶಿನ್ ತರಗತಿಯಲ್ಲಿ ವಾರವಾರ ಸ್ಪಾರಿಂಗ್ ನಡೆಯುತ್ತಿದ್ದರೆ, ಕಣ್ಣುಮುಚ್ಚಿಕೊಂಡು ಕರಾಟೆಗೇ ಸೇರಿ.