ದಂಡ ಬೇರೆ, ಶುಲ್ಕ ಬೇರೆ, ಗೇಣಿ ಬೇರೆ

ಓದುಗರ ಪ್ರಶ್ನೆ: ಕಾರ್ಖಾನೆಗಳಿಂದ ಮಾಲಿನ್ಯಕ್ಕೆ ಹಣ ವಸೂಲಿ ಮಾಡುವುದೆಂದರೆ ಹೊಳೆ ಕೆಡಿಸಲು ಲೈಸೆನ್ಸ್ ಕೊಟ್ಟ ಹಾಗಲ್ಲವೇ? ಹೇಗೂ ವಸೂಲಿ ಮಾಡುತ್ತೀರೆಂದರೆ, ಮರಳು, ಕೆಂಪುಕಲ್ಲಿನ ರಾಜಧನವನ್ನೂ ಅದಕ್ಕೆ ಸೇರಿಸಿ ಊರಿನ ಮನೆಮನೆಗೆ ಹಂಚಬಾರದೇಕೆ?
— ಓದುಗರೊಬ್ಬರು, ಪಡುಬಿದ್ರಿ

ಸಂಪಾದಕರ ಉತ್ತರ: ಲೈಸೆನ್ಸ್ ಎಂಬ ನಿಮ್ಮ ಮಾತು ಶುಲ್ಕಕ್ಕಿಂತ ಈಗಿರುವ ದಂಡಕ್ಕೇ ಹೆಚ್ಚು ಒಪ್ಪುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಪರಿಹಾರ ಸೂತ್ರ ಐದು ಅಂಕಿಗಳ ಗುಣಾಕಾರ: ಮಾಲಿನ್ಯದ ಮಟ್ಟಕ್ಕೆ ತಕ್ಕ ಉದ್ಯಮದ ವರ್ಗ (ಕೆಂಪು 80, ಕಿತ್ತಳೆ 50, ಹಸಿರು 30), ಉಲ್ಲಂಘನೆಯ ದಿನಗಳು, ದರ (ಸಾಮಾನ್ಯವಾಗಿ 250 ರೂಪಾಯಿ), ಗಾತ್ರ (ಸಣ್ಣದಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5), ಊರಿನ ಜನಸಂಖ್ಯೆ (10 ಲಕ್ಷದೊಳಗಾದರೆ 1). ಮಂಗಳೂರಿನಲ್ಲಿ ಕೆಂಪು ವರ್ಗದ ದೊಡ್ಡ ಕಾರ್ಖಾನೆ ತಪ್ಪಿದರೆ ದಿನಕ್ಕೆ 30,000 ರೂಪಾಯಿ, ತಿಂಗಳಿಗೆ 9 ಲಕ್ಷ. ಎಷ್ಟು ಕೊಳೆ ಬಿಟ್ಟಿತು ಎಂಬುದು ಈ ಲೆಕ್ಕದಲ್ಲೇ ಇಲ್ಲ. ಶುದ್ಧೀಕರಣ ಘಟಕದ ಕರೆಂಟು, ರಾಸಾಯನಿಕದ ಖರ್ಚು ದಿನಕ್ಕೆ 30,000 ದಾಟುವಲ್ಲಿ ದಂಡ ಕಟ್ಟುವುದೇ ಲಾಭ. ಮುಚ್ಚಿಸುವ ಅಧಿಕಾರ ಮಂಡಳಿಗಿದೆ ನಿಜ. ಅದನ್ನು ಬಳಸುವುದು ಬೇರೆ ಮಾತು.

ಬಿಟ್ಟ ಕೊಳೆಯನ್ನು ತೂಗಿ ಹಾಕುವ ಕಿಲೋ ಲೆಕ್ಕದ ಶುಲ್ಕ ಹಾಗಲ್ಲ. ದಿನಕ್ಕೆ 10 ಲಕ್ಷ ಲೀಟರ್ ತ್ಯಾಜ್ಯನೀರು, ಲೀಟರಿಗೆ 250 ಮಿಲಿಗ್ರಾಂ ಸಿಒಡಿ (ನೀರಿನ ಕೊಳೆಯನ್ನು ಅದು ಹೀರುವ ಆಮ್ಲಜನಕದಿಂದ ಅಳೆಯುವ ಮಾನ; ನಿಯಮದ ಮಿತಿಯೂ ಅಷ್ಟೇ) ಎಂದರೆ ದಿನಕ್ಕೆ 250 ಕಿಲೋ. ಬೋರ್‌ವೆಲ್ ನೀರು ಬೆರೆಸಿ 125ಕ್ಕೆ ಇಳಿಸಿದರೂ ನೀರು 20 ಲಕ್ಷ ಲೀಟರ್ ಆಗುತ್ತದೆ, ಕೊಳೆ ಅದೇ 250 ಕಿಲೋ. ಜರ್ಮನಿ 1981ರಿಂದ ಹೀಗೇ ಅಳೆಯುತ್ತಿದೆ: 50 ಕಿಲೋ ಸಿಒಡಿಗೆ ಶುಲ್ಕದ ಒಂದು ಯೂನಿಟ್. ಮಿತಿ ಪಾಲಿಸಿದವರಿಗೆ ದರ ಅರ್ಧ, ಮಾಫಿಯಿಲ್ಲ.

ಎಡವುವುದು ಅಳತೆಯಲ್ಲಿ. ನಮ್ಮ ಮಳೆಗಾಲದಲ್ಲಿ ಬೈಪಾಸ್ ಪೈಪಿನಿಂದ ಮಳೆನೀರಿನ ಚರಂಡಿಗೆ ಹೋದದ್ದು ಹೊರದಾರಿಯ ಮೀಟರಿಗೆ ಕಾಣುವುದಿಲ್ಲ. ಹಾಗಾಗಿ ಒಳಬರುವ ನೀರಿಗೂ ಮೀಟರ್ ಬೇಕು, ಶುದ್ಧೀಕರಣ ಘಟಕಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಬೇಕು. ಮಾದರಿಯನ್ನು 24 ಗಂಟೆ ಸ್ವಲ್ಪಸ್ವಲ್ಪವಾಗಿ ಕೂಡಿಸಬೇಕು. ಹಗಲು ಹನ್ನೊಂದಕ್ಕೆ ಬಂದು ಒಂದು ಬಾಟಲಿ ತುಂಬಿಸಿಕೊಂಡು ಹೋದರೆ ರಾತ್ರಿಯದ್ದು ಸಿಕ್ಕುವುದಿಲ್ಲ.

ಇನ್ನು ಎರಡು ಹಣವನ್ನೂ ಒಂದೇ ಚೀಲಕ್ಕೆ ಹಾಕುವ ವಿಚಾರ. ಅದು ಬೇಡ. ಶುಲ್ಕ ಫಲ ಕೊಟ್ಟಷ್ಟೂ ವಸೂಲಿ ಇಳಿಯುತ್ತದೆ. ಅದನ್ನು ನಂಬಿದ ಪಂಚಾಯತಿಗೆ ಕೊನೆಗೆ ಹೊಗೆಯೇ ಬೇಕಾದೀತು. ಇಂಥ ಹಣ ದಾರಿ ತಪ್ಪುವುದೂ ಸುಲಭ. ಕಲ್ಲಿದ್ದಲಿನ ಸೆಸ್ 2010ರಲ್ಲಿ ಟನ್ನಿಗೆ 50 ರೂಪಾಯಿಯಿಂದ ಹೊರಟು 2016ಕ್ಕೆ 400 ಆಯಿತು. ಶುದ್ಧ ಇಂಧನಕ್ಕೆಂದು ಹುಟ್ಟಿದ್ದು 2017ರಲ್ಲಿ ರಾಜ್ಯಗಳ ಜಿಎಸ್‌ಟಿ ನಷ್ಟ ತುಂಬಲು ಹೋಯಿತು, 2025ರ ಸೆಪ್ಟೆಂಬರಿನಲ್ಲಿ ರದ್ದಾಯಿತು. ವರ್ಷಕ್ಕೆ 30 ಲಕ್ಷ ಟನ್ ಸುಡುವ ಸ್ಥಾವರದಿಂದ 120 ಕೋಟಿ ಹೊರಡುತ್ತಿತ್ತು, ದೆಹಲಿಗೆ. ನಿಮ್ಮ ಪಡುಬಿದ್ರಿ ಬಳಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಊರಾದ ಎಲ್ಲೂರಿನ ಬೂದಿ ಎಲ್ಲೂರಿನಲ್ಲೇ ಉಳಿಯಿತು.

ರಾಜಧನ ಬೇರೆ ಜಾತಿಯದ್ದು: ನೆಲದೊಡೆಯನಿಗೆ ಸಲ್ಲುವ ಗೇಣಿ. ಇಲ್ಲಿ ಒಡೆಯರು ಜನ. ಆದರೆ ಟನ್ನಿಗೆ ಇಂತಿಷ್ಟು ರೂಪಾಯಿ ಎಂದು ಕಟ್ಟಿಹಾಕಿದರೆ ಅದು ನಮ್ಮ ಜಿಲ್ಲೆಯ ಮೂಲಗೇಣಿಯ (ಎಂದೂ ಬದಲಾಗದ ಶಾಶ್ವತ ಗೇಣಿಯ) ಹಾಗೆ: ಕಲ್ಲಿನ ಬೆಲೆ ಏರಿದರೂ ಒಡೆಯನ ಪಾಲು ಏರದು. ಅಲಾಸ್ಕದವರು 1976ರಲ್ಲಿ ಸಂವಿಧಾನ ತಿದ್ದಿ ತೈಲ, ಖನಿಜಗಳ ರಾಜಧನದ ಕನಿಷ್ಠ ಶೇ. 25 ಅನ್ನು ನಿಧಿಗೆ ಹಾಕಿದರು. 1982ರಿಂದ ಮನೆಮನೆಗೆ ಹೋಗುತ್ತಿರುವುದು ಅದರ ಗಳಿಕೆ ಮಾತ್ರ. ಮರಳು ಮಾರಿದ ಹಣವನ್ನೇ ಹಂಚುವುದು ಗದ್ದೆ ಮಾರಿ ಗೇಣಿ ಬಂತೆಂದ ಹಾಗೆ.

ನಮ್ಮಲ್ಲಿ ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ, ಗಣಿಗಾರಿಕೆಯಿಂದ ಬಾಧಿತರಾದವರ ಹಿತಕ್ಕೆಂದು ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಕಬ್ಬಿಣದ ಅದಿರಿನಂಥ ಪ್ರಧಾನ ಖನಿಜಗಳಲ್ಲಿ ಹಳೆಯ ಗುತ್ತಿಗೆಯವರು ರಾಜಧನದ ಶೇ. 30, ಹರಾಜಿನವರು ಶೇ. 10 ಹೆಚ್ಚುವರಿ ಕಟ್ಟಬೇಕು. ಮರಳು, ಕೆಂಪುಕಲ್ಲು ಉಪಖನಿಜಗಳಾದ್ದರಿಂದ ಪಾಲು ರಾಜ್ಯದ ನಿಯಮದಂತೆ. ಕಂತುಕಂತಿನ ವಸೂಲಿ, ಕಾಮಗಾರಿ, ಬಾಧಿತ ಗ್ರಾಮಗಳ ಪಟ್ಟಿ ಪ್ರತಿಷ್ಠಾನದ ಜಾಲತಾಣದಲ್ಲಿ ಇರಬೇಕು. ಹಂಚಿಕೆಯ ಮಾತಿಗೆ ಮುಂಚೆ ನಿಮ್ಮ ಗ್ರಾಮದ ಹೆಸರು ಆ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಅದನ್ನೇ ಎತ್ತಿ.